ಪಟ್ಟದ ಗೊಂಬೆ ಮಲಗುವ ಹೊತ್ತು

ಕ್ಯಾಮೆರಾಕ್ಕೆ ಹೊಸ ಲೆನ್ಸ್ ಕೊಂಡ ಮೇಲೆ ಕಾತ್ಯಾಯಿನಿಯ ಮನೆಯ ಯಾವ ವಸ್ತುವಿಗೂ ಹಿನ್ನೆಲೆ ಎಂಬುದೇ ಇಲ್ಲದಂತಾಯಿತು. ಸ್ಟೀಲ್ ಲೋಟದ ಅಂಚು ಸ್ಪಷ್ಟ, ಅದರ ಹಿಂದಿನ ಅಡುಗೆಮನೆ ಮಂಜು. ಗಂಡ ಚಕ್ರಪಾಣಿಯ ಕನ್ನಡಕ ಸ್ಪಷ್ಟ, ಕಿವಿಗಳು ಮಂಜು.

"ನನ್ನ ಕಿವಿ ಎಲ್ಲೇ?" ಎಂದು ಅವನು ಫೋಟೊ ನೋಡಿ ಕೇಳಿದ್ದ.

"ಅದು ಬೇಕಂತಲೇ ಮಾಡಿದ್ದು ರೀ."

"ಮಾತು ಕೇಳಲ್ಲ ಅಂತ ಇಷ್ಟು ದಿನ ಬೈತಿದ್ದೆ. ಈಗ ಕಿವೀನೇ ತೆಗೆದ್ಬಿಟ್ಯಲ್ಲ!"

ಜಯನಗರದ ಪಿಯು ಕಾಲೇಜೊಂದರಲ್ಲಿ ಅವಳು ಭೌತಶಾಸ್ತ್ರ ಕಲಿಸುತ್ತಿದ್ದಳು. ಕ್ಯಾಮೆರಾ ಕೊಂಡು ಒಂದು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಸಾರಕ್ಕಿ ಕೆರೆಯ ಬಳಿ ಹವ್ಯಾಸಿಗಳ ಗುಂಪೊಂದು ಸೇರುತ್ತಿತ್ತು. ಅಲ್ಲಿ ಲಿಖಿತ್ ಎಂಬ ಗೆಳೆಯ ಅವಳು ತೆಗೆದ ಕೊಕ್ಕರೆಯ ಚಿತ್ರ ನೋಡಿ, "ಸಖತ್ ಮೇಡಂ! ಬ್ಯಾಕ್‌ಗ್ರೌಂಡ್ ಬೆಣ್ಣೆ ಥರ ಕರಗಿದೆ" ಎಂದಿದ್ದ. ಅಂದಿನಿಂದ ಅವಳು ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದೇ ಇಟ್ಟಳು. ಎದುರಿಗಿದ್ದದ್ದೊಂದು ಉಳಿದು ಮಿಕ್ಕದ್ದೆಲ್ಲ ಕರಗಿ ಹೋಗುವುದು ಅವಳಿಗೆ ಸಾಕ್ಷಾತ್ ಕಲೆಯಂತೆ ಕಂಡಿತ್ತು. ಆದರೆ ಕೊಕ್ಕರೆಗಳು ಚಿತ್ರ ಕೇಳುವುದಿಲ್ಲ. ಮನುಷ್ಯರೂ ಯಾರೂ ಇದುವರೆಗೆ ಅವಳನ್ನು ಒಂದು ಫೋಟೊ ತೆಗೆದುಕೊಡು ಎಂದು ಕೇಳಿರಲಿಲ್ಲ.

ಮೊದಲು ಕೇಳಿದವರು ಎದುರು ಮನೆಯ ಕಮಲಾದೇವಿ. ದುರ್ಗಾಷ್ಟಮಿಯ ಸಂಜೆ ಅರಿಶಿನ ಕುಂಕುಮಕ್ಕೆ ಹೋದಾಗ ಕಾತ್ಯಾಯಿನಿಯ ಕೈಗೆ ತಾಂಬೂಲ ಕೊಟ್ಟು, ತಟ್ಟೆಯನ್ನು ಕೆಳಗಿಡುವ ಮೊದಲೇ ವಿಷಯಕ್ಕೆ ಬಂದರು.

"ಇದೇ ಕೊನೇ ವರ್ಷ ಕಣೇ, ಇಷ್ಟು ಗೊಂಬೆ ಒಟ್ಟಿಗೆ ಕೂರೋದು. ನನ್ನ ಮಂಡಿ ಇನ್ನು ಈ ಮೆಟ್ಟಿಲು ಕಟ್ಟೋಕೆ ಬಿಡಲ್ಲ. ದಸರಾ ಆದ್ಮೇಲೆ ಮೂರು ಹೆಣ್ಣುಮಕ್ಕಳಿಗೂ ಹಂಚಿಬಿಡ್ತೀನಿ. ಜೆ.ಪಿ. ನಗರಕ್ಕೊಂದು ಪಾಲು, ಬನಶಂಕರಿಗೊಂದು, ಗೊಟ್ಟಿಗೆರೆಗೊಂದು. ಅದಕ್ಕೆ ಮುಂಚೆ ಎಲ್ಲಾ ಇರೋ ಒಂದು ಫೋಟೊ ಬೇಕು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೂರು ಮನೆಗೂ ಕೊಡ್ತೀನಿ."

"ಮೊಮ್ಮಕ್ಕಳು ಫೋನಲ್ಲಿ ತೆಗೆದಿರ್ತಾರಲ್ಲ ಆಂಟಿ?"

"ಫೋನಲ್ಲಿ ತೆಗೆದಿದ್ದು ಫೋನಲ್ಲೇ ಹೂತುಹೋಗುತ್ತೆ. ನೀನು ದೊಡ್ಡ ಕ್ಯಾಮೆರಾದವಳು, ನೀನು ತೆಗಿ."

ಏಳು ಮೆಟ್ಟಿಲುಗಳ ಮೇಲೆ ದಶಾವತಾರ, ಅಕ್ಕಿ ಬೇಳೆ ಗುಡ್ಡೆಗಳ ಮುಂದೆ ಕೂತ ಶೆಟ್ಟಿ ದಂಪತಿ, ಬೆರಳಿನಷ್ಟೆತ್ತರದ ವಾದ್ಯದವರು, ಎಲ್ಲಕ್ಕಿಂತ ಕೆಳಗೆ ಎಳೆಯ ರಾಗಿ ಪೈರಿನ ತೋಟದಲ್ಲಿ ಮೇಯುವ ಮಣ್ಣಿನ ಹಸುಗಳು. ಕಮಲಾದೇವಿಯ ಮದುವೆಯಲ್ಲಿ ಅವರ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಕೆಂಪು ಮರದ ರಾಜ ರಾಣಿ, ಪ್ರತಿ ವರ್ಷ ಮೇಲಿನ ಮೆಟ್ಟಿಲಲ್ಲಿರುತ್ತಿದ್ದವು. ಈ ಸಲ ಕೈಗೆ ಎಟಕಲೆಂದು ಅವನ್ನು ನಡುವಿನ ಮೆಟ್ಟಿಲಿಗೆ ಇಳಿಸಿದ್ದರು.

ಕಾತ್ಯಾಯಿನಿ ಓಡಿಹೋಗಿ ಕ್ಯಾಮೆರಾ ತಂದಳು. ಕಮಲಾದೇವಿಯನ್ನು ಮೆಟ್ಟಿಲುಗಳ ಮುಂದೆ ಕುರ್ಚಿಯಲ್ಲಿ ಕೂರಿಸಿ ಹತ್ತಾರು ಚಿತ್ರ ತೆಗೆದಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಿನ್ನದಂತೆ ಹೊಳೆಯುತ್ತಿದ್ದವು.

ಮರುದಿನ ಆಯುಧಪೂಜೆ. ಚಕ್ರಪಾಣಿ ಸ್ಕೂಟರ್ ಕೀ, ಈಳಿಗೆಮಣೆ, ಸ್ಕ್ರೂಡ್ರೈವರುಗಳ ಜೊತೆಗೆ ಕ್ಯಾಮೆರಾವನ್ನೂ ದೇವರ ಮುಂದಿಟ್ಟು, ಲೆನ್ಸಿನ ಮುಚ್ಚಳಕ್ಕೆ ಗಂಧ ಕುಂಕುಮ ಹಚ್ಚಿದ. ಲ್ಯಾಪ್‌ಟಾಪಿಗೂ ಕೈ ಹಾಕಿದ್ದ. ಉತ್ತರಪತ್ರಿಕೆಗಳ ಅಂಕ ತುಂಬಬೇಕೆಂದು ಅವಳು ಅದನ್ನು ಕಿತ್ತುಕೊಂಡಳು. ಊಟವಾದ ಮೇಲೆ ಅದರಲ್ಲೇ, ರಾತ್ರಿ ಇಳಿಸಿಟ್ಟಿದ್ದ ಹಿಂದಿನ ದಿನದ ಚಿತ್ರಗಳನ್ನು ತೆರೆದಳು.

ಕಮಲಾದೇವಿಯ ಕಣ್ರೆಪ್ಪೆಯ ಕೂದಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂಗುತಿಯ ಏಳೂ ಹರಳು ಕಾಣುತ್ತಿದ್ದವು. ಅವರ ಹಿಂದೆ, ಏಳೂ ಮೆಟ್ಟಿಲುಗಳಿದ್ದ ಕಡೆ, ಬಣ್ಣದ ಮಬ್ಬು ಉಂಡೆಗಳು ತೇಲುತ್ತಿದ್ದವು. ಒಂದು ಗೊಂಬೆಗೂ ಮುಖವಿರಲಿಲ್ಲ.

ಬೆನ್ನ ಹಿಂದೆ ನಿಂತು ನೋಡಿದ ಚಕ್ರಪಾಣಿ ನಗಲಿಲ್ಲ. "ಇದನ್ನೇ ಅಲ್ವೇನೇ ನೀನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯೋದು?" ಎಂದ.

ಅದನ್ನೇ. ಬೆಳಕು ಒಳಬರುವ ರಂಧ್ರ ದೊಡ್ಡದಾದಷ್ಟೂ ಒಂದೇ ದೂರದಲ್ಲಿರುವುದು ಸ್ಪಷ್ಟ. ಚಿಕ್ಕದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟ. ಕಿರಣಗಳ ಚಿತ್ರವನ್ನು ಅವಳು ನಿದ್ದೆಯಲ್ಲೂ ಬರೆಯಬಲ್ಲಳು. ಅವಳು ಕನ್ನಡಕ ತೆಗೆದಿಟ್ಟು, ಹಳೆಯ ವಿಸಿಟಿಂಗ್ ಕಾರ್ಡಿಗೆ ಪಿನ್ನಿನಿಂದ ತೂತು ಮಾಡಿ, ಅದರ ಮೂಲಕ ಎದುರು ಗೋಡೆಯ ಕ್ಯಾಲೆಂಡರ್ ನೋಡಿದಳು. ಬರಿಗಣ್ಣಿಗೆ ಕಲಸಿಹೋಗಿದ್ದ ಅಕ್ಷರಗಳು ಮಂಕಾಗಿಯೇ, ಆದರೆ ಒಂದೊಂದಾಗಿ, ನೆಟ್ಟಗೆ ನಿಂತವು. ತರಗತಿಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವ ಈ ಪ್ರಯೋಗಕ್ಕೂ ತನ್ನ ಕ್ಯಾಮೆರಾಕ್ಕೂ ಸಂಬಂಧವಿದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಲ್ಯಾಪ್‌ಟಾಪ್ ಹಿಡಿದು ಎದುರು ಮನೆಗೆ ಹೋದಳು. ಕಮಲಾದೇವಿ ಬಹಳ ಹೊತ್ತು ನೋಡಿದರು.

"ನಾನೇನೋ ಚೆನ್ನಾಗೇ ಬಂದಿದೀನಿ. ಗೊಂಬೆಗಳೆಲ್ಲಿ?"

"ಹಿಂದೆ ಇವೆ ಆಂಟಿ."

"ಹಿಂದೆ ಬಣ್ಣದ ಇಡ್ಲಿ ಇವೆ."

ಕಾತ್ಯಾಯಿನಿಯ ಮುಖ ನೋಡಿ ಅವರೇ ಮೆತ್ತಗಾದರು. "ಹೋಗ್ಲಿ ಬಿಡು. ಇನ್ನೊಂದು ತೆಗೆದ್ರಾಯ್ತು."

"ಕ್ಯಾಮೆರಾ ಪೂಜೆಗೆ ಕೂತಿದೆ."

"ಅಯ್ಯೋ, ಇವತ್ತು ಎತ್ತಬೇಡ ಕಣೇ! ನಾಳೆ ಮಂಗಳಾರತಿ ಮಾಡಿ ಎತ್ತು. ಹೊಸದಾಗಿ ಕಲಿಯೋಕೆ ವಿಜಯದಶಮಿಗಿಂತ ಒಳ್ಳೇ ದಿನ ಯಾವುದಿದೆ? ಆದ್ರೆ ಒಂದು ಮಾತು. ನಾಳೆ ಸಂಜೆ ಆರತಿ ಆದ್ಮೇಲೆ ಪಟ್ಟದ ರಾಜನ್ನ ಮಲಗಿಸ್ತೀನಿ. ಅಲ್ಲಿಗೆ ದಸರಾ ಮುಗೀತು. ಆಮೇಲೆ ಯಾರನ್ನೂ ಎಬ್ಬಿಸಿ ಕೂರಿಸಿ ಫೋಟೊ ಗೀಟೊ ಅಂತ ಇಲ್ಲ. ಮಲಗಿಸಿದ ತಕ್ಷಣ ಕೈ ಕೂಡ ತೆಗೀಬಾರದು ಅಂತಿದ್ರು ನಮ್ಮಮ್ಮ. ಮಗೂನ ಮಲಗಿಸಿದ ಹಾಗೆ, ಸ್ವಲ್ಪ ಹೊತ್ತು ಇಟ್ಕೊಂಡೇ ಇರ್ಬೇಕು."

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾಗುತ್ತಲೇ ಅವಳು ಕ್ಯಾಮೆರಾ ಎತ್ತಿಕೊಂಡಳು. ಮುಚ್ಚಳದ ಕುಂಕುಮವನ್ನು ಒರೆಸಲಿಲ್ಲ. ಎದುರು ಮನೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಲೆನ್ಸಿನ ರಂಧ್ರವನ್ನು ಕಿರಿದು ಮಾಡಿದಳು. ಕಿರಿದಾದ ರಂಧ್ರದಲ್ಲಿ ಬೆಳಕು ನಿಧಾನವಾಗಿ ತುಂಬಬೇಕು, ಕ್ಯಾಮೆರಾ ಎರಡು ಸೆಕೆಂಡು ಕಣ್ಣು ತೆರೆದಿರಬೇಕು. ಟ್ಯೂಬ್‌ಲೈಟ್ ಹಾಕಿ ನೋಡಿದಳು. ಗೊಂಬೆಗಳ ಬಣ್ಣದ ಮೇಲೆ ಬಿಳಿ ಹೊಳಪು ಕೂತು ಮುಖಗಳೇ ಅಳಿಸಿಹೋದವು. ಆರಿಸಿದಳು.

"ಅಲ್ಲಾಡ್ಬೇಡಿ ಆಂಟಿ. ಎರಡೇ ಸೆಕೆಂಡು."

"ನಾನ್ಯಾಕೆ ಅಲ್ಲಾಡ್ಲಿ? ಆ ಶೆಟ್ಟಿ ಹೆಂಡ್ತಿ ಸೆರಗು ನೋಡು, ನನ್ನ ಎರಡನೇ ಮಗಳು ಕಿತ್ತಿದ್ದು ಅದು..."

ಚಿತ್ರ ಬಂತು. ವಾದ್ಯದವರ ಮೀಸೆಯವರೆಗೂ ಎಲ್ಲ ಗೊಂಬೆಗಳೂ ಸ್ಪಷ್ಟ. ಕುರ್ಚಿಯಲ್ಲಿ ಮಾತ್ರ ರೇಷ್ಮೆ ಸೀರೆ ಉಟ್ಟ ಒಂದು ಹೊಗೆ ಕೂತಿತ್ತು. ಅದಕ್ಕೆ ಬಾಯಿ ಎರಡು.

ಮತ್ತೆ ತೆಗೆದಳು. ಮಾತಾಡಬೇಡಿ ಎಂದರೆ ಅವರ ತಲೆ ಅಲ್ಲಾಡುತ್ತಿತ್ತು, ತಲೆ ಅಲ್ಲಾಡಿಸಬೇಡಿ ಎಂದರೆ ನಗು ಬರುತ್ತಿತ್ತು. ಬಿಗಿಯಾಗಿ ಕೂತಾಗ ಅವರು ಅವರಾಗಿಯೇ ಇರಲಿಲ್ಲ, ಪಾಸ್‌ಪೋರ್ಟ್ ಫೋಟೊಗೆ ಕೂತವರಂತಿದ್ದರು. ಬಂದವರಿಗೆಲ್ಲ ಬಾಗಿಲು ತೆರೆಯಲು ಎದ್ದು ಹೋಗುವುದು ಬೇರೆ. ಕೊನೆಗೆ ಕಮಲಾದೇವಿ ಕುರ್ಚಿಯನ್ನೇ ಸರಿಸಿಬಿಟ್ಟರು.

"ನಾನಿಲ್ಲದೆ ತೆಗಿಯೇ. ಗೊಂಬೆ ಕಂಡ್ರೆ ಸಾಕು. ಈ ಮುಖ ಮಕ್ಕಳು ದಿನಾ ನೋಡ್ತಾರೆ."

ಅದೂ ಆಯಿತು. ಕೇಳಿದ್ದು ಇದನ್ನೇ, ತಾಂತ್ರಿಕವಾಗಿ ಯಾವ ತಪ್ಪೂ ಇರಲಿಲ್ಲ. ಆದರೂ ಮಧ್ಯಾಹ್ನವೆಲ್ಲ ಅವಳಿಗೆ ಸಮಾಧಾನವಾಗಲಿಲ್ಲ. ಅಂಗಡಿಯ ಕಪಾಟಿನ ಚಿತ್ರದಂತಿತ್ತು ಅದು. ಶೆಟ್ಟಿಯ ಹೆಂಡತಿಯ ಸೆರಗಿನ ಕಥೆ ಹೇಳುವವರು ಅದರಲ್ಲಿ ಇರಲಿಲ್ಲ.

"ಮೊನ್ನೇ ಫೋಟೊದಿಂದ ಅವರನ್ನ ಕತ್ತರಿಸಿ ಇದಕ್ಕೆ ಅಂಟಿಸ್ಬಿಡು. ಕಂಪ್ಯೂಟರ್ ಇದೆಯಲ್ಲ" ಎಂದ ಚಕ್ರಪಾಣಿ.

"ಮಾಡಬಹುದು. ಆದ್ರೆ ಅವರು ಅಲ್ಲಿ ಕೂತ ಹಾಗೆ ಇರಲ್ಲ ರೀ, ಅಂಟಿಸಿದ ಹಾಗಿರುತ್ತೆ. ಸುಮ್ಮನೆ ಇರೋದೇ ಬರಲ್ಲ ಅವರಿಗೆ, ಒಂದು ಗಳಿಗೆನೂ..."

ಹಾಗೆನ್ನುತ್ತಿದ್ದಂತೆ ಅವಳು ಮಾತು ನಿಲ್ಲಿಸಿದಳು. ಒಂದು ಗಳಿಗೆ ಸುಮ್ಮನಿರುತ್ತಾರೆ. ಅವರೇ ಹೇಳಿದ್ದರು, ಮಗುವನ್ನು ಮಲಗಿಸಿದ ಹಾಗೆ ಎಂದು.

ಸಂಜೆ ಮೂವರು ಹೆಣ್ಣುಮಕ್ಕಳೂ ಬಂದಿದ್ದರು. ಕಾತ್ಯಾಯಿನಿ ಸ್ಟ್ಯಾಂಡನ್ನು ಮೆಟ್ಟಿಲುಗಳ ಎದುರಿಗೆ ನಿಲ್ಲಿಸಿ, ನಡುವಿನ ಮೆಟ್ಟಿಲಿನ ಪಕ್ಕ ನಿಲ್ಲುವವರಿಗೆ ಜಾಗ ಬಿಟ್ಟು, ಅಳತೆ ಸರಿಮಾಡಿಟ್ಟಳು. ಹೊರಗೆ ಬೆಳಕಿಳಿದಿತ್ತು, ಈಗ ನಾಲ್ಕು ಸೆಕೆಂಡು ಬೇಕು. ಒಂದೇ ಅವಕಾಶ. ಹಿರಿಯ ಮಗಳು ಜಯಶೀಲಾಳನ್ನು ಕರೆದು ಕಿವಿಯಲ್ಲಿ ಹೇಳಿದಳು: "ಯಾರೂ ಮುಂದೆ ಬರದ ಹಾಗೆ ನೋಡ್ಕೊಳ್ಳಿ. ಅಮ್ಮನಿಗೆ ಏನೂ ಹೇಳ್ಬೇಡಿ. ಹೇಳಿದ್ರೆ ಪೋಸ್ ಕೊಡ್ತಾರೆ."

"ಕೊಡ್ತಾರೆ, ಗ್ಯಾರಂಟಿ" ಎಂದು ಜಯಶೀಲಾ ನಕ್ಕಳು.

ಆರತಿಯಾಯಿತು. ಹಾಡೂ ಆಯಿತು. ಕಮಲಾದೇವಿ ಮಂಡಿ ಹಿಡಿದುಕೊಂಡು ಮೆಟ್ಟಿಲುಗಳ ಪಕ್ಕಕ್ಕೆ ಬಂದು, ಎರಡೂ ಕೈಯಲ್ಲಿ ರಾಜನನ್ನು ಹಿಡಿದು, ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಒರಗಿಸಿದರು. ರಾಣಿ ಪಕ್ಕದಲ್ಲಿ ನಿಂತೇ ಇದ್ದಳು. ಎಡಗೈಯನ್ನು ಮೆಟ್ಟಿಲಿಗೆ ಊರಿ, ಬಲಗೈಯನ್ನು ಗೊಂಬೆಯ ಎದೆಯ ಮೇಲಿಟ್ಟು, ಅವರು ಬಾಗಿ ನಿಂತರು. ಮಾತಿಲ್ಲ. ನಗುವೂ ಇಲ್ಲ. ಸರ ಕೂಡ ತೂಗಾಡುವುದನ್ನು ನಿಲ್ಲಿಸಿತು.

ಕಾತ್ಯಾಯಿನಿ ಗುಂಡಿ ಒತ್ತಿ, ತಾನೂ ಉಸಿರು ಹಿಡಿದು ನಿಂತಳು. ನಾಲ್ಕು ಸೆಕೆಂಡು ಇಷ್ಟು ಉದ್ದವಿರುತ್ತದೆಯೆಂದು ಅವಳ ಯಾವ ಪಾಠದಲ್ಲೂ ಇರಲಿಲ್ಲ. ಕ್ಯಾಮೆರಾ ಕಣ್ಣು ಮುಚ್ಚಿದ ಸದ್ದು ಕೇಳಿಸಿತು. ಆಮೇಲೂ ಕಮಲಾದೇವಿಯ ಕೈ ಅಲ್ಲೇ ಇತ್ತು.

ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ನೋಡಿದಳು. ಈ ಸಲ ಪುಟ್ಟ ಪರದೆಯನ್ನು ನಂಬದೆ, ಮನೆಗೆ ಓಡಿ ಲ್ಯಾಪ್‌ಟಾಪನ್ನೇ ಹೊತ್ತು ತಂದು ಅದರಲ್ಲೂ ನೋಡಿದಳು. ಹಸುಗಳ ಮುಂದಿನ ರಾಗಿ ಪೈರು, ಶೆಟ್ಟಿಯ ಹೆಂಡತಿಯ ಹರಿದ ಸೆರಗು, ದಶಾವತಾರ, ಮಲಗಿದ ರಾಜ, ಅವನ ಮೇಲೆ ಬಾಗಿದ ಮುಖ, ಆ ಮುಖದ ಮೂಗುತಿ. ಬೆರಳ ತುದಿಯೊಂದು ಮಾತ್ರ ಕೊಂಚ ಅಲುಗಿತ್ತು. ಗೊಂಬೆಯನ್ನು ತಟ್ಟಿರಬೇಕು.

ಹೆಣ್ಣುಮಕ್ಕಳು ಲ್ಯಾಪ್‌ಟಾಪಿನ ಸುತ್ತ ಗುಂಪುಗೂಡಿದರು. ಕಮಲಾದೇವಿ ಕನ್ನಡಕ ಹಾಕಿಕೊಂಡು ಬಂದು, ಮೊದಲು ಗೊಂಬೆಗಳನ್ನೆಲ್ಲ ಮೇಲಿನಿಂದ ಕೆಳಗೆ ಎಣಿಸಿದರು.

"ಎಲ್ಲಾ ಇವೆ" ಎಂದರು. ಆಮೇಲೆ ತಮ್ಮನ್ನು ನೋಡಿಕೊಂಡರು. "ನಾನು ಇಷ್ಟು ಹೊತ್ತು ಸುಮ್ಮನಿದ್ನಾ?"

"ನಾಲ್ಕು ಸೆಕೆಂಡು ಅಮ್ಮ. ರೆಕಾರ್ಡು!" ಎಂದಳು ಜಯಶೀಲಾ.

ಎಲ್ಲರೂ ನಗುವಾಗ ಕಮಲಾದೇವಿ ಕಾತ್ಯಾಯಿನಿಯ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. "ಮುಂದಿನ ವರ್ಷ ಇಲ್ಲಿ ಗೊಂಬೆ ಇರಲ್ಲ. ಮೂರು ಮನೇಲೂ ಇರುತ್ತೆ. ನಾನು ಮೂರಕ್ಕೂ ಹೋಗ್ತೀನಿ, ಇವರು ಸರಿಯಾಗಿ ಕೂರಿಸಿದಾರಾ ಅಂತ ನೋಡೋಕೆ. ನೀನೂ ಬರ್ಬೇಕು, ಕ್ಯಾಮೆರಾ ತಗೊಂಡು."

"ಬರ್ತೀನಿ ಆಂಟಿ."

"ಮತ್ತೆ ಆ ಇಡ್ಲಿ ಫೋಟೊ ಇದೆಯಲ್ಲ, ಅದನ್ನೂ ಒಂದು ಪ್ರಿಂಟ್ ಹಾಕಿಸು. ಮೂಗುತಿ ಚೆನ್ನಾಗಿ ಬಂದಿದೆ."