ಹೆಲಿಕಾಪ್ಟರ್ ಗಾಳಿಗೆ ರಾಗಿ ತೂರಿದವರು

ಹೆಲಿಕಾಪ್ಟರ್ ಇಳಿಸದೆ ವಾಪಸು ಬಂದಳೆಂದು ಸುಶ್ಮಿತಾಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರು. ಬೈದವರು ಸೇನೆಯ ಹಾರಾಟ ತರಬೇತಿ ಶಾಲೆಯ ಮುಖ್ಯಸ್ಥ ಅನಂತರಾಜು. ಕುಣಿಗಲ್ ಕಡೆಯವರು, ಎಲುಬಿಲ್ಲದ ನಾಲಿಗೆ. ಗುಬ್ಬಿ ಹತ್ತಿರದ ಅಭ್ಯಾಸದ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಸಬೇಕಿದ್ದ ಹುಡುಗಿ, ಅಂಚಿನಲ್ಲಿ ಟಾರ್ಪಾಲ್ ಹಾಸಿದ್ದು ಕಂಡು ಮತ್ತೆ ಮೇಲೆದ್ದು ಬಂದಿದ್ದಳು.

"ಟಾರ್ಪಾಲ್ ಕಂಡ್ರೆ ಓಡಿಬರೋಳು ಯುದ್ಧದಲ್ಲಿ ಏನಮ್ಮಾ ಮಾಡ್ತೀಯಾ? ಧೈರ್ಯ ಸಾಲದು ಅಂತ ನಿನ್ನ ದಾಖಲೇಲಿ ಬರ್ದಿದೀನಿ. ಇನ್ನೊಂದ್ಸಲ ಹಿಂಗಾದ್ರೆ ಗಂಟುಮೂಟೆ ಕಟ್ಟು."

ಹಿಂದೆ ಕೂತಿದ್ದ ಮಾನಸಾಗೆ ಮೈ ಉರಿದುಹೋಯಿತು. ಹಾರಾಟದ ಸುರಕ್ಷತೆ ಅವಳ ಹೊಣೆ. ಟಾರ್ಪಾಲ್ ಗಾಳಿಗೆ ಎದ್ದು ತಿರುಗುವ ರೆಕ್ಕೆಗೆ ಸುತ್ತಿಕೊಂಡರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ. ಬೆನ್ನು ತಟ್ಟಬೇಕಾದ ಹುಡುಗಿಗೆ ಬೈಗುಳದ ಮಂಗಳಾರತಿ!

"ಸರ್, ಅವಳು ಮಾಡಿದ್ದೇ ಸರಿ," ಎಂದಳು.

"ಯಾರಿಗೂ ಏನೂ ಆಗಿಲ್ವಲ್ಲ, ಬಿಡಿ ಮೇಡಂ," ಎಂದು ಅನಂತರಾಜು ಎದ್ದು ಹೋದರು. ಆಗುವವರೆಗೆ ಕಾಯುವುದಾದರೆ ತಾನೇಕೆ ಸಂಬಳ ತಿನ್ನಬೇಕು ಎಂದು ಹಲ್ಲು ಕಡಿಯುತ್ತಾ ಮಾನಸಾ ಜೀಪು ಹತ್ತಿದಳು.

ಮೈದಾನದಲ್ಲಿ ನೋಡಿದರೆ ಸ್ವಂತ ದೊಡ್ಡಪ್ಪ ಪುಟ್ಟರಂಗಯ್ಯ! ತುಳಿಸಿದ ರಾಗಿಯನ್ನು ಮೊರಕ್ಕೆ ತುಂಬಿಕೊಂಡು ಹೆಲಿಕಾಪ್ಟರಿಗೆ ಕಾಯುತ್ತಾ ಕೂತಿದ್ದ. ಕಣದಲ್ಲಿ ಗಾಳಿಗಾಗಿ ಬಾಯಿ ಬಿಡುವವರಿಗೆ ಆಕಾಶದಿಂದ ಬಿಟ್ಟಿ ಗಾಳಿ ಇಳಿದರೆ ಬಿಡುತ್ತಾರೆಯೇ? ಎಷ್ಟು ದೂರ ನಿಂತು ತೂರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆಂದು ಊರಿನವರೆಲ್ಲ ಕಲಿತುಬಿಟ್ಟಿದ್ದರು.

"ಏನ್ ದೊಡ್ಡಪ್ಪಾ ಇದು? ಜೀವ ಹೋಗುತ್ತೆ!"

"ಗಾಳಿ ಬಂದಾಗ ತೂರ್ಕೋಬೇಕು ಕಣವ್ವಾ. ಮೇಲಿಂದ ಅವ್ರು ಕೈ ಬೀಸ್ತಾರೆ, ನಾವೂ ಬೀಸ್ತೀವಿ. ಬ್ಯಾಡ ಅಂತ ಒಬ್ರೂ ಅಂದಿಲ್ಲ. ಇವತ್ತು ಮೊದ್ಲು ಬಂದವ್ನು ಇಳಿಸ್ವಾಗ ಟಾರ್ಪಾಲು ರೆಕ್ಕೆಗಂಟ ಎದ್ದು ಬಿತ್ತು. ಎರಡ್ನೇದು ಯಾಕೋ ಇಳೀಲೇ ಇಲ್ಲ."

ಮೊದಲು ಇಳಿಸಿದವನು ಸುಶ್ಮಿತಾಳ ಜೊತೆಯಲ್ಲೇ ಕಲಿಯುವ ಮೋಹನ್‌ಕುಮಾರ್. ವಾಪಸು ಬಂದವನು ಈ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ.

ಟಾರ್ಪಾಲ್ ರೆಕ್ಕೆಗೆ ಸಿಕ್ಕಿದರೆ ಏನಾಗುತ್ತದೆಂದು ಅವಳು ಬಿಡಿಸಿ ಹೇಳಿದಾಗ ಪುಟ್ಟರಂಗಯ್ಯನ ಮುಖ ಕಪ್ಪಿಟ್ಟಿತು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಮಗಾ!" ಎಂದವನೇ ರಾಗಿ ಸಮೇತ ಟಾರ್ಪಾಲ್ ಎಳೆದುಕೊಂಡು ಹೊರಟ. ಉಳಿದವರನ್ನೂ ಕೂಗಿ ಎಬ್ಬಿಸಿದ. ಊರಿಗೆ ಒಂದು ಮಾತು ಸಾಕಾಯಿತು.

ಮರುದಿನ ಬೆಳಗಿನ ಸಭೆಯಲ್ಲಿ ಮಾನಸಾ ಎದ್ದು ನಿಂತಳು.

"ಮೋಹನ್, ನಿನ್ನೆ ನೀನು ಇಳಿಸುವಾಗ ಟಾರ್ಪಾಲ್ ಎದ್ದಿತ್ತು. ಯಾಕಪ್ಪಾ ಹೇಳ್ಲಿಲ್ಲ?"

ಅವನು ಬೂಟು ನೋಡಿಕೊಂಡ. "ಹೋದ ತಿಂಗ್ಳು ಲಕ್ಷ್ಮೀಕಾಂತ್ ಹೇಳ್ದ ಮೇಡಂ. ಧೈರ್ಯ ಸಾಲದು ಅಂತ ಮನೆಗೆ ಕಳಿಸಿದ್ರು."

ಆ ಹುಡುಗ ಹೋದದ್ದು ಮಾನಸಾಗೆ ಗೊತ್ತಿತ್ತು. ಅವನು ಕೊಟ್ಟ ಎಚ್ಚರಿಕೆಯನ್ನು ಅನಂತರಾಜು ಅವಳ ಕಿವಿಗೂ ಹಾಕದೆ ನುಂಗಿದ್ದರು.

"ಇನ್ಯಾರ್ಯಾರು ನೋಡಿಯೂ ಸುಮ್ನಿದ್ರಿ? ಕೈಯೆತ್ತಿ. ಯಾರಿಗೂ ಶಿಕ್ಷೆ ಇಲ್ಲ, ನನ್ನ ಮಾತು."

ಒಂದು ಕೈ ಎದ್ದಿತು. ಇನ್ನೊಂದು. ಕೊನೆಗೆ ಕೈಯೆತ್ತದೆ ಉಳಿದವಳು ಸುಶ್ಮಿತಾ ಒಬ್ಬಳೇ.

"ನೋಡಿ ಸರ್, ನಿಮ್ಮ ಧೈರ್ಯವಂತರನ್ನ," ಎಂದಳು ಮಾನಸಾ. "ಇವರಿಷ್ಟೂ ಜನರ ಹೆಣ ಬೀಳ್ಬೇಕಿತ್ತಾ? ಇವಳ ಮೇಲೆ ಬರ್ದಿದ್ದನ್ನ ಹೊಡೆದುಹಾಕಿ. ಲಕ್ಷ್ಮೀಕಾಂತನ್ನ ವಾಪಸು ಕರೆಸಿ. ಅಲ್ಲೀವರೆಗೂ ಒಂದು ಹೆಲಿಕಾಪ್ಟರೂ ಮೇಲೇಳೋಕೆ ನಾನು ಒಪ್ಪಲ್ಲ."

ಅನಂತರಾಜು ಎತ್ತಿದ ಕೈಗಳತ್ತ ನೋಡಿದರು. ಪೆನ್ನು ತೆಗೆದು ಬರೆದದ್ದನ್ನು ಹೊಡೆದುಹಾಕಿದರು.

ಸುಶ್ಮಿತಾಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಗೆಳೆಯರ ಕೈಗಳನ್ನೇ ಒಂದೊಂದಾಗಿ ದುರುಗುಟ್ಟಿ ನೋಡುತ್ತಿದ್ದಳು.

"ನಿನ್ನೆ ನನ್ನ ಬೈಯುವಾಗಲೂ ಇವರೆಲ್ಲ ಇಲ್ಲೇ ಕೂತಿದ್ರು ಮೇಡಂ," ಎಂದಳು.