ಏಳನೇ ಪುಟದ ಕೆಳಗಿನ ಮೂಲೆ

ಮಾಚೇನಹಳ್ಳಿಯ ಆ ಲೇತ್ ಶಾಪಿನಲ್ಲಿ ಮಧ್ಯಾಹ್ನ ಒಂದಕ್ಕೆ ಮೋಟಾರುಗಳು ನಿಂತವೆಂದರೆ ರಂಗಪ್ಪನ ಎರಡನೇ ಪಾಳಿ ಶುರುವಾಯಿತೆಂದೇ ಅರ್ಥ. ಕೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿ, ಬುತ್ತಿಯನ್ನು ಐದು ನಿಮಿಷದಲ್ಲಿ ಮುಗಿಸಿ, ಕನ್ನಡಕ ಏರಿಸಿ ಅವನು ಪೇಪರು ಬಿಚ್ಚಬೇಕು. ಸುತ್ತ ಏಳೆಂಟು ಜನ ಉಣ್ಣುತ್ತಾ ಕೇಳಬೇಕು. ಹದಿನಾರು ವರ್ಷದಿಂದ ನಡೆದುಬಂದ ಪದ್ಧತಿ. ಈ ಕೆಲಸಕ್ಕೆ ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಐವತ್ತೇಳರ ರಂಗಪ್ಪನಿಗೆ ಈಚೆಗೆ ಇದು ಲೇತಿಗಿಂತ ಹೆಚ್ಚು ದಣಿವು ತರುತ್ತಿತ್ತು.

ಪದ್ಧತಿ ಅವನು ಹುಟ್ಟಿಸಿದ್ದಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಹೊಸತರಲ್ಲಿ ವೆಂಕಟಾಚಲ ಎಂಬ ಹಿರಿಯ ಫಿಟ್ಟರು ಕ್ಯಾಂಟೀನಿನ ಹಿಂದೆ ಹೀಗೆಯೇ ಓದಿ ಹೇಳುತ್ತಿದ್ದರು. "ಓದೋನು ಓದ್ಬೇಕು, ಮಾತಾಡ್ಬಾರ್ದು. ತೀರ್ಮಾನ ಕೇಳೋನ್ದು" ಎಂಬುದು ಅವರ ಕಟ್ಟಳೆ. ಅಲ್ಲಿ ಕೆಲಸ ಕಡಿಮೆಯಾಗಿ ರಂಗಪ್ಪ ಮಾಚೇನಹಳ್ಳಿಗೆ ಬರುವಾಗ ಟಿಫಿನ್ ಬಾಕ್ಸಿನ ಜೊತೆಗೆ ಆ ಕಟ್ಟಳೆಯನ್ನೂ ತಂದಿದ್ದ.

ಈ ಕಾಲದಲ್ಲಿ ಪೇಪರು ಓದಿಸಿಕೊಂಡು ಕೇಳುವವರು ಯಾರಯ್ಯಾ ಎಂದು ನೀವು ಕೇಳಬಹುದು. ಓದು ಬರುವವರು ತಮ್ಮ ತಮ್ಮ ಫೋನು ತಿಕ್ಕುತ್ತಾ ಕೂರುತ್ತಿದ್ದರು. ಓದು ಬಾರದವರಿಗೆ ರಂಗಪ್ಪನಿದ್ದ. ಅವರಲ್ಲಿ ಮೊದಲಿನವಳು ಕರಿಬಸಮ್ಮ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು, ಲೇತುಗಳ ಕೆಳಗೆ ಬಿದ್ದ ಕಬ್ಬಿಣದ ತುರಿಯನ್ನು ದಿನಕ್ಕೆ ಮೂರು ಸಲ ಗುಡಿಸುವ ಹೆಂಗಸು. ಅರವತ್ತು ದಾಟಿ ಎಷ್ಟಾಯಿತೋ ಅವಳಿಗೇ ಲೆಕ್ಕವಿಲ್ಲ. ಮಂಡಿ ಎರಡೂ ಸೋತಿದ್ದವು. "ಫೋನಲ್ಲಿ ಬರೋದು ಗಾಳಿಸುದ್ದಿ. ರಂಗಪ್ಪ ಓದಿದ್ರೆ ಅದು ಅಚ್ಚಾಗಿರೋ ಮಾತು" ಎಂದು ಅವಳು ಯಾರ ಮುಂದೆಯೂ ಹೇಳುವಳು. ಪ್ರತಿ ಚುನಾವಣೆಯ ಹಿಂದಿನ ದಿನ ಪೊರಕೆ ಗೋಡೆಗೊರಗಿಸಿ, "ಯಾವ್ದಕ್ಕೆ ಒತ್ಲಪ್ಪಾ?" ಎಂದು ಕೇಳುವಳು. ರಂಗಪ್ಪ ದೊಡ್ಡ ಮನುಷ್ಯನ ಗತ್ತಿನಲ್ಲಿ, "ನಾನು ಹೇಳ್ಬಾರ್ದಮ್ಮ. ಎಲ್ಲಾ ಕೇಳಿದೀಯಲ್ಲ, ನೀನೇ ಯೋಚ್ನೆ ಮಾಡು" ಎನ್ನುವನು. ಆ ಒಂದು ಮಾತಿನ ಹೆಮ್ಮೆ ಅವನಿಗೆ ಆರು ತಿಂಗಳು ಸಾಕಾಗುತ್ತಿತ್ತು.

ಎಲ್ಲಾ ಕೇಳಿದ್ದಳೇ? ಅಲ್ಲೇ ಇರುವುದು ನೋಡಿ ಕತೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ದಿಲ್ಲಿಯ ಯಾವುದೋ ಮಸೂದೆಯ ಸುದ್ದಿಗೆ ಪ್ರಕಾಶ್ ಮತ್ತು ಯೋಗರಾಜ್ ಎಂಬ ಇಬ್ಬರು ಮಿಷಿನ್ನಿನವರು ಕೈಕೈ ಮಿಲಾಯಿಸಿದ್ದರು. ಒಬ್ಬ ಆ ಪಕ್ಷ, ಒಬ್ಬ ಈ ಪಕ್ಷ. ಯಾವುದು ಯಾವುದೆಂದು ಹೇಳಿದರೆ ನೀವು ಕತೆ ಬಿಟ್ಟು ಅದನ್ನೇ ಹಿಡಿದುಕೊಂಡು ಕೂರುತ್ತೀರಿ, ಆದ್ದರಿಂದ ಹೇಳುವುದಿಲ್ಲ. ಸಾರಿನ ಡಬ್ಬಿ ಹಾರಿ ಗೋಡೆಗೆ ಬಡಿಯಿತು. ಯಜಮಾನರು ಬಂದು, ಇನ್ನೊಂದು ಸಲ ಹೀಗಾದರೆ ಪೇಪರು ತರಿಸುವುದನ್ನೇ ನಿಲ್ಲಿಸುತ್ತೇನೆಂದು ಗದರಿ ಹೋದರು.

ಅಂದಿನಿಂದ ರಂಗಪ್ಪ ಜಗಳ ತರುವ ಸುದ್ದಿಯನ್ನು ಹಾರಿಸತೊಡಗಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಮೊದಲು ಎರಡೂ ಕಡೆಯದನ್ನು ಹಾರಿಸಿದ. ಆದರೆ ಅವನೂ ಮನುಷ್ಯನೇ ತಾನೆ, ಅವನಿಗೂ ಒಂದು ಪಕ್ಷವಿತ್ತು. ಯೋಗರಾಜನ ಪಕ್ಷವೇ ಅವನದೂ. ತನ್ನವರನ್ನು ಹೊಗಳಿದ್ದು ಬಂದಾಗ, ಇದರಲ್ಲಿ ಜಗಳವೇನಿದೆ ಎಂದು ಓದುವನು. ತನ್ನವರ ತಪ್ಪು ಬಂದಾಗ, ಸುಮ್ಮನೆ ಯಾಕೆ ಎಂದು ಪುಟ ಮಗುಚುವನು. ಒಂದಕ್ಷರ ಸುಳ್ಳು ಸೇರಿಸಲಿಲ್ಲ. ಕಟ್ಟಳೆ ಮುರಿದೆನೆಂದು ಅವನಿಗೆ ಅನ್ನಿಸಲೂ ಇಲ್ಲ.

ಈಗ ಕರಿಬಸಮ್ಮನ ಪಿಂಚಣಿ. ಹಿಂದಿನ ಲೋಕಸಭೆ ಚುನಾವಣೆಯಲ್ಲಿ ರಂಗಪ್ಪನ ಪಕ್ಷದವರು, ಗುತ್ತಿಗೆಯಲ್ಲಿ ಕಸ ಗುಡಿಸುವವರಿಗೆಲ್ಲ ವಯಸ್ಸಾದ ಮೇಲೆ ಪಿಂಚಣಿ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಅದು ಮೊದಲ ಪುಟದಲ್ಲಿ ಬಂದಿತ್ತು. ರಂಗಪ್ಪ ಗಂಟಲು ಸರಿಮಾಡಿಕೊಂಡು ಎರಡು ಸಲ ಓದಿದ್ದ. ಕರಿಬಸಮ್ಮ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಐದು ವರ್ಷ ಕಾದಳು. ತಿಂಗಳಿಗೊಮ್ಮೆಯಾದರೂ, "ನನ್ ಪಿಂಚಣಿ ವಿಷ್ಯ ಏನಾದ್ರೂ ಬಂತೇನಪ್ಪಾ? ಬಂದ್ರೆ ಈ ಪೊರಕೆ ಕೆಳಗಿಡ್ತೀನಿ" ಎನ್ನುವಳು. ರಂಗಪ್ಪ, "ಇನ್ನೂ ಬಂದಿಲ್ಲಮ್ಮ" ಎನ್ನುವನು.

ಈ ಫೆಬ್ರವರಿಯಲ್ಲಿ ಬಂತು. ಏಳನೇ ಪುಟದ ಕೆಳಗಿನ ಮೂಲೆಯಲ್ಲಿ, ಹಲ್ಲುನೋವಿನ ಔಷಧದ ಜಾಹೀರಾತಿನ ಪಕ್ಕ, ಮೂರು ಸಾಲು. ಅಂಥ ಯೋಜನೆ ಯಾವುದೂ ಪರಿಶೀಲನೆಯಲ್ಲಿಲ್ಲ ಎಂದು ಗೆದ್ದು ಬಂದ ಅದೇ ಪಕ್ಷದ ಮಂತ್ರಿಗಳು ಸಂಸತ್ತಿನಲ್ಲಿ ಲಿಖಿತ ಉತ್ತರ ಕೊಟ್ಟಿದ್ದರು. ಕರಿಬಸಮ್ಮ ಅಂದು ಆಸ್ಪತ್ರೆಗೆ ಹೋಗಿ, ಮಂಡಿ ಸವೆದಿದೆ ಎನ್ನಿಸಿಕೊಂಡು ಬಂದಿದ್ದಳು. ಇವತ್ತು ಬೇಡ, ಪಾಪ, ಎಂದುಕೊಂಡು ರಂಗಪ್ಪ ಎಂಟನೇ ಪುಟಕ್ಕೆ ಹೋದ. ಅದರಲ್ಲಿ ಪಾಪ ಎನ್ನುವುದು ಸ್ವಲ್ಪ. ಉಳಿದದ್ದು ಏನೆಂದು ಅವನಿಗೂ ಗೊತ್ತಿತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಮರುದಿನವೂ ಓದಲಿಲ್ಲ. ಮಾರ್ಚಿನಲ್ಲಿ ಅವಳು ಮತ್ತೆ ಕೇಳಿದಾಗ, "ಇನ್ನೂ ಬಂದಿಲ್ಲಮ್ಮ" ಎಂದ.

ಏಪ್ರಿಲ್ ಬಂತು. ಚುನಾವಣೆಗೆ ಮೂರು ವಾರವಿತ್ತು. ತಗಡಿನ ಮಾಡಿನ ಕೆಳಗೆ ಬಿಸಿಲು ಬೇಯಿಸುತ್ತಿತ್ತು. ರಂಗಪ್ಪ ಪೇಪರು ಬಿಚ್ಚುವ ಮೊದಲೇ ಕರಿಬಸಮ್ಮ ಒಂದು ಸುಕ್ಕಾದ ಹಾಳೆಯನ್ನು ಅವನ ಮುಂದೆ ಚಾಚಿದಳು.

"ಗಾಂಧಿ ಬಜಾರಲ್ಲಿ ಮೆಣಸಿನಕಾಯಿ ತಂದಿದ್ದೆ. ಇದ್ರಲ್ಲೇ ಕಟ್ಟಿಕೊಟ್ಟಿದ್ರು. ಈ ಮೂಲೆಲಿ ಏನೋ ಇದೆ, ಓದಪ್ಪಾ."

ಅದೇ ಹಾಳೆ, ಅದೇ ಮೂಲೆ. ಮೆಣಸಿನಕಾಯಿಯ ಘಾಟು ರಂಗಪ್ಪನ ಮೂಗಿಗೆ ಹತ್ತಿತು. ಅವಳ ಬೆರಳು ಮೂರು ಸಾಲಿನ ಮೇಲೆಯೇ ಇತ್ತು. ಆ ಕ್ಷಣದಲ್ಲಿ ಅವನು ಸತ್ಯ ಹೇಳಿಬಿಡಬಹುದಿತ್ತು. ಆದರೆ ಎರಡು ವರ್ಷದ ಅಭ್ಯಾಸ ಎನ್ನುವುದು ನಾಲಿಗೆಗಿಂತ ಮುಂದೆ ಓಡುತ್ತದೆ.

"ಹಳೇ ಪೇಪರಮ್ಮ. ಹಲ್ಲುನೋವಿನ ಔಷಧಿದು ಜಾಹೀರಾತು" ಎಂದ.

ಕರಿಬಸಮ್ಮ ಕೂಗಲಿಲ್ಲ. ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ನಾಲ್ಕು ಮಡಿಕೆ ಮಡಚಿದಳು. "ಮೊಮ್ಮಗಳು ಅಕ್ಷರಾ ನಿನ್ನೆ ಓದಿದ್ಲು. ಎಂಟನೇ ಕ್ಲಾಸು. ಮೂರು ಸಲ ಓದಿಸ್ದೆ, ತಪ್ಪು ಓದಿರ್ಬೇಕು ಇವ್ಳು ಅಂತ. ಆಮೇಲೆ ಅಂದ್ಕೊಂಡೆ, ರಂಗಪ್ಪನಿಗೆ ಅವತ್ತು ಕಣ್ತಪ್ಪಿ ಬಿಟ್ಟೋಗಿರ್ಬೇಕು ಅಂತ. ಅದ್ಕೇ ತಂದೆ." ಮಡಚಿದ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿ, "ಕಣ್ತಪ್ಪಿದ್ದಲ್ಲ ಅಲ್ವಾ?" ಎಂದಳು.

ರಂಗಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವಳು ಪೊರಕೆ ತೆಗೆದುಕೊಂಡು ಎದ್ದಳು. ಊಟದ ಹೊತ್ತಿನಲ್ಲಿ ಅವಳು ಎಂದೂ ಗುಡಿಸಿದವಳಲ್ಲ, ಅಂದು ಗುಡಿಸಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಮೂರು ಸಾಲಿಗೆ.

ಸಂಜೆ ಭದ್ರಾವತಿಯಲ್ಲಿ ಬಸ್ಸಿಳಿದವನು ಮನೆಗೆ ಹೋಗದೆ ನೇರ ಜನ್ನಾಪುರದ ವೆಂಕಟಾಚಲರ ಮನೆಗೆ ನಡೆದ. ಎಂಬತ್ತು ದಾಟಿದ ಮುದುಕರಿಗೆ ಕಣ್ಣು ಪೂರ್ತಿ ಹೋಗಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ರಂಗಪ್ಪ ಕೆಳಗೆ ಕೂತು ನಡೆದದ್ದನ್ನೆಲ್ಲ ಒಪ್ಪಿಸಿದ. ಬೈಯಲಿ ಎಂದೇ ಬಂದಿದ್ದ. ಬೈಸಿಕೊಂಡರೆ ಹಗುರವಾಗುತ್ತದೆಂಬ ಆಸೆ.

ಮುದುಕರು ತಡವಿ ಅವನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ, "ನಾನೂ ಬಿಡ್ತಿದ್ದೆ ಕಣೋ" ಎಂದರು.

"ಏನು?"

"ನಮ್ಮೋರಿಗೆ ಆಗ್ದೇ ಇರೋದನ್ನ. ಮೂವತ್ತು ವರ್ಷ ಓದಿದೀನಿ, ಎಷ್ಟು ಬಿಟ್ಟಿದೀನೋ ದೇವ್ರಿಗೇ ಗೊತ್ತು. ಮಾತಾಡ್ಬಾರ್ದು ಅಂತ ನಿಂಗೆ ಕಲಿಸ್ದೆ. ಬಿಡ್ಬಾರ್ದು ಅಂತ ಯಾವತ್ತಾದ್ರೂ ಅಂದಿದ್ನಾ? ಅನ್ನೋಕೆ ನಂಗೆ ಬಾಯಿರ್ಲಿಲ್ಲ."

"ಮತ್ತೆ ನಮ್ಮನ್ನ ಕೂರಿಸ್ಕೊಂಡು ತೀರ್ಮಾನ ಕೇಳೋನ್ದು ಅಂತಿದ್ರಲ್ಲ!"

"ಅಂತಿದ್ದೆ. ನೀವೆಲ್ಲ ನಂಗೆ ಬೇಕಾದ ತೀರ್ಮಾನಕ್ಕೇ ಬರ್ತಿದ್ರಲ್ಲ, ಖುಷಿಯಾಗೋದು." ಮುದುಕರು ನಗಲು ನೋಡಿದರು, ಅದು ಕೆಮ್ಮಾಯಿತು. "ಈಗ ನನ್ನ ಗತಿ ನೋಡು. ಸೊಸೆ ಟಿವಿ ಹಾಕ್ತಾಳೆ. ಅವ್ಳು ಯಾವ ಚಾನೆಲ್ ಹಾಕ್ತಾಳೋ ಅದೇ ನಂಗೆ ದೇಶ."

ರಂಗಪ್ಪ ಎದ್ದು ಬಂದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಇಪ್ಪತ್ತೆರಡನೇ ವಯಸ್ಸಿನಿಂದ ತನ್ನದೆಂದುಕೊಂಡು ಹೊತ್ತ ಅಭಿಪ್ರಾಯ, ಅದಕ್ಕಾಗಿ ಭಾವಮೈದುನನ ಜೊತೆ ಮಾತು ಬಿಟ್ಟದ್ದು, ಪ್ರತಿ ಸಲವೂ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತು ಎದೆಯುಬ್ಬಿಸಿ ಓಟು ಹಾಕಿದ್ದು, ಇದರಲ್ಲಿ ತನ್ನದು ಎಷ್ಟು, ಕ್ಯಾಂಟೀನಿನ ಹಿಂದೆ ವೆಂಕಟಾಚಲರು ಮಗುಚಿದ ಪುಟಗಳದ್ದು ಎಷ್ಟು? ತನ್ನ ಪಕ್ಷ ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ಸರಿಯೆಂದೂ ಹೇಳಲಾಗಲಿಲ್ಲ. ಯೋಚಿಸಿ ಒಪ್ಪಿದ್ದೇ ಆಗಿದ್ದರೆ ಎರಡೂ ಕಡೆಯದನ್ನು ನೋಡಿರಬೇಕಿತ್ತಲ್ಲ ಎನ್ನಿಸಿತು. ಈ ವಯಸ್ಸಿನಲ್ಲಿ ಮೊದಲಿನಿಂದ ಯೋಚಿಸಲು ಕೂರುವುದೆಂದರೆ ಏನು ತಮಾಷೆಯೇ? ಮನೆಗೆ ಬಂದವನು ಉಣ್ಣದೆ ಮಲಗಿದ.

ಮರುದಿನ ಮಧ್ಯಾಹ್ನ ಪೇಪರು ಮಡಿಲಲ್ಲಿಟ್ಟುಕೊಂಡು, "ಎರಡು ವರ್ಷದಿಂದ ನಾನು ಎಲ್ಲಾ ಓದ್ತಿಲ್ಲ. ನಮ್ಮೋರಿಗೆ ಆಗ್ದಿದ್ದನ್ನ ಬಿಡ್ತಾ ಬಂದಿದೀನಿ" ಎಂದು ಹೇಳಿಬಿಟ್ಟ.

ಪ್ರಕಾಶ್ ಫೋನು ಕೆಳಗಿಟ್ಟು, "ನಂಗೊತ್ತಿತ್ತು! ಬೇಲಿನೇ ಎದ್ದು ಹೊಲ ಮೇಯ್ತಿದೆ ಅಂತ ಅವತ್ತೇ ಅಂದಿದ್ದೆ!" ಎಂದ. ಅವನು ಯಾವತ್ತೂ ಹಾಗೆ ಅಂದಿರಲಿಲ್ಲ. ಯೋಗರಾಜ್ ಮೊಸರನ್ನ ಕಲಸುತ್ತಾ, "ನಮ್ಮೋರಿಗೆ ಆಗ್ದಿದ್ದನ್ನ ತಾನೇ? ಸರಿಯಾಗೇ ಇದೆಯಲ್ಲ ಮಾರಾಯ, ಇದ್ರಲ್ಲಿ ತಪ್ಪೇನು?" ಎಂದ. ಯಾರೋ ನಕ್ಕರು. ಕರಿಬಸಮ್ಮ ನಗಲಿಲ್ಲ. ರಂಗಪ್ಪ ಅವಳಿಂದ ಆ ಸುಕ್ಕು ಹಾಳೆ ಕೇಳಿ ಪಡೆದು ಮೂರು ಸಾಲನ್ನೂ ಗಟ್ಟಿಯಾಗಿ ಓದಿದ. ಆಮೇಲೆ ಅಂದಿನ ಪೇಪರನ್ನು ಮೊದಲಿನಿಂದ ಕೊನೆಯವರೆಗೆ, ಎರಡೂ ಕಡೆಯವರ ಭಾಷಣ, ಎರಡೂ ಕಡೆಯವರ ಹಗರಣ, ಏನನ್ನೂ ಬಿಡದೆ ಓದುತ್ತಾ ಹೋದ. ಊಟದ ಅರ್ಧ ಗಂಟೆ ಸಾಲಲಿಲ್ಲ, ಗಂಟಲು ಒಣಗಿತು. ಪ್ರಕಾಶ್ ಮತ್ತು ಯೋಗರಾಜ್ ಮತ್ತೆ ಜಗಳವಾಡಿದರು, ಆದರೆ ಡಬ್ಬಿ ಹಾರಲಿಲ್ಲ.

ಸಂಜೆ ಕರಿಬಸಮ್ಮ ಹೊರಡುವಾಗ ಬೆಂಚಿನ ಮೇಲಿದ್ದ ಅಂದಿನ ಪೇಪರನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಮನೆಯಲ್ಲಿ ಅಕ್ಷರಾಳ ಕೈಯಲ್ಲಿ ಮತ್ತೊಮ್ಮೆ ಓದಿಸುತ್ತಾಳೆಂದು ಯಾರೂ ಹೇಳಬೇಕಿರಲಿಲ್ಲ. ರಂಗಪ್ಪ ಕಂಡೂ ಕಾಣದವನಂತೆ ಮಿಷಿನ್ನು ಒರೆಸುತ್ತಿದ್ದ. ಮುಖಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಚುನಾವಣೆಯ ಹಿಂದಿನ ದಿನ ಅವಳು ಕೇಳಬಹುದೆಂದು ಕಾದ. ಪೊರಕೆ ಗೋಡೆಗೊರಗಿತು. ಅವಳು ನೀರು ಕುಡಿದಳು, ಬೆವರು ಒರೆಸಿಕೊಂಡಳು, "ನಾಳೆ ರಜೆ ಅಲ್ವಾ" ಎಂದಷ್ಟೇ ಹೇಳಿ ಹೊರಟಳು. ಯಾವುದಕ್ಕೆ ಒತ್ತಲಿ ಎಂಬ ಮಾತು ಬರಲೇ ಇಲ್ಲ.

ರಂಗಪ್ಪ ಈ ಸಲ ಓಟು ಹಾಕಲು ಏಳಕ್ಕೆ ಹೋಗಲಿಲ್ಲ, ಹನ್ನೊಂದಕ್ಕೆ ಹೋದ. ಮರೆಯ ಹಿಂದೆ ಹೋದ ಮೇಲೆ ಕೈ ಎಂದಿನ ಗುಂಡಿಯ ಕಡೆಗೆ ತಾನಾಗಿಯೇ ಹೋಯಿತು. ಅವನು ಅದನ್ನು ತಡೆದು ನಿಂತ. ಮೂರು ವಾರ ಓದಿದ್ದನ್ನೆಲ್ಲ ನೆನೆಸಿಕೊಂಡ.

"ಏನ್ ಯಜಮಾನ್ರೇ, ಗೊತ್ತಾಗ್ತಿಲ್ವಾ?" ಎಂದರು ಆಚೆಯಿಂದ ಮತಗಟ್ಟೆಯವರು.

"ಗೊತ್ತಾಗುತ್ತೆ ಸಾರ್. ಒಂದ್ನಿಮಿಷ" ಎಂದ ರಂಗಪ್ಪ. ಆಮೇಲೆ ಒತ್ತಿದ. ಯಾವುದಕ್ಕೆಂದು ಹೆಂಡತಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೊರಗೆ ಬಂದಾಗ ಎದೆಯುಬ್ಬಿರಲಿಲ್ಲ. ದಣಿವಾಗಿತ್ತು, ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತ.

ಮರುದಿನ ಎಲ್ಲರ ಬೆರಳಿನಲ್ಲೂ ಶಾಯಿಯಿತ್ತು. ಸಂಜೆ ಕರಿಬಸಮ್ಮ ಮತ್ತೆ ಪೇಪರು ಮಡಚತೊಡಗಿದಳು. ರಂಗಪ್ಪನಿಗೆ ತಡೆಯಲಾಗಲಿಲ್ಲ.

"ಓಟು ಮುಗೀತಲ್ಲಮ್ಮ. ಇನ್ಯಾಕೆ ಪೇಪರು?"

"ಓಟು ಮುಗೀತು. ಗೆಲ್ಲೋರು ಕೊಟ್ಟ ಮಾತು ಮರೆಯೋಕೆ ಇನ್ಮೇಲೆ ತಾನೇ ಶುರು ಮಾಡೋದು?" ಎಂದಳು ಅವಳು.

"ನನ್ ಮೇಲೆ ಇನ್ನೂ ನಂಬಿಕೆ ಬಂದಿಲ್ವಾ?"

ಕರಿಬಸಮ್ಮ ಅವನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನಂಬ್ತೀನಿ ಮಾರಾಯ" ಎಂದಳು. "ಆದ್ರೂ ತಗೊಂಡ್ ಹೋಗ್ತೀನಿ."

ಪೇಪರನ್ನು ಚೀಲಕ್ಕೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದು, ಅವಳು ಶಿವಮೊಗ್ಗದ ಬಸ್ಸಿಗೆ ನಡೆದಳು. ರಂಗಪ್ಪ ಬಾಗಿಲವರೆಗೆ ಬಂದು, ಬಸ್ಸು ಬಂದು ನಿಲ್ಲುವವರೆಗೂ ಅಲ್ಲೇ ನಿಂತಿದ್ದ.