ಇಪ್ಪತ್ತಾರು ಇಂಚಿನ ಡಾಬು

"ಇನ್ನೊಂದು ಸಲ ಎಳೀರಿ ಟೈಲರಕ್ಕ. ಅವಳು ಹಂಗೇ ಒದ್ದಾಡ್ತಾಳೆ, ನೀವು ಕಿವಿಗೆ ಹಾಕ್ಕೋಬ್ಯಾಡ್ರಿ" ಎಂದರು ಶಿವಬಸಮ್ಮ.

ಅವರ ಮಗಳು ಶಿಲ್ಪಾ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಹಿಂದಿನಿಂದ ಅವಳ ಸೊಂಟದ ಬೆಲ್ಟಿನ ದಾರ ಎಳೆದೆ.

"ಅವ್ವ, ಉಸಿರು ಕಟ್ತೈತೆ."

"ಮದುವೆ ಆದಮ್ಯಾಲೆ ಬೇಕಾದಷ್ಟು ಉಸಿರಾಡುವಂತೆ. ಈಗ ಹೊಟ್ಟೆ ಒಳಗೆ ಎಳಕೋ."

"ಎಳಕೊಂಡ ಹೊಟ್ಟೆ ಎಲ್ಲಿಡ್ಲಿ? ದೀಪಿಕಾ ಕೈಗೆ ಕೊಡ್ಲಾ?"

ಪಕ್ಕದಲ್ಲಿದ್ದ ತಂಗಿ ದೀಪಿಕಾ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಆ ದಿನ ನನಗೆ ನಗು ಹೇಗೆ ಬಂತೋ, ಇವತ್ತಿಗೂ ತಿಳಿಯದು.

ಇದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯ ಮಾತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವ ತೋಟಪ್ಪನವರ ದೊಡ್ಡ ಮಗಳು ಶಿಲ್ಪಾ. ಬಿ.ಕಾಂ. ಮುಗಿಸಿದ್ದಳು, ಇಪ್ಪತ್ತೊಂದು ವರ್ಷ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರದ ಮನೆಯ ಚಂದ್ರಶೇಖರನಿಗೆ ಅವಳನ್ನು ಕೊಡುವುದೆಂದು ಗೊತ್ತಾಗಿತ್ತು. ಹುಡುಗ ಒಳ್ಳೆಯವನೇ. ತೊಡಕಿದ್ದದ್ದು ಅವರ ಮನೆಯ ಡಾಬಿನಲ್ಲಿ.

ಆ ಮನೆಯಲ್ಲಿ ತಾಳಿ ಕಟ್ಟುವುದಕ್ಕೆ ಮುಂಚೆ ಅತ್ತೆಯಾದವಳು ಎಲ್ಲರೆದುರಿಗೆ ಸೊಸೆಯ ಸೊಂಟಕ್ಕೆ ಮನೆತನದ ಬಂಗಾರದ ಡಾಬು ಹಾಕಿ, ತನ್ನ ಕೈಯಾರೆ ಕೊಂಡಿ ಸಿಗಿಸಬೇಕು. ಕೊಂಡಿ ಕೂರದಿದ್ದರೆ ಆ ಹೆಣ್ಣು ಮನೆಗೆ ಆಗಿಬರುವುದಿಲ್ಲವಂತೆ. ಡಾಬು ಇಪ್ಪತ್ತಾರು ಇಂಚು. ಶಿಲ್ಪಾಳ ಸೊಂಟ ಮೂವತ್ತು.

ಹುಡುಗನ ತಾಯಿ, ಬೀಗಿತ್ತಿ ಕಮಲಾಕ್ಷಮ್ಮ ಸೀರೆ ತೋರಿಸಲು ಬಂದಾಗ ನಾನೂ ರವಿಕೆ ಅಳತೆಗೆಂದು ಅಲ್ಲಿದ್ದೆ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಮ್ಮಾರೇ, ಎರಡು ಬಿಲ್ಲೆ ಸೇರಿಸಿದ್ರೆ ಆಗಲ್ವಾ? ನಮ್ಮ ಅಕ್ಕಸಾಲಿ ದಾಸಣ್ಣ ಅರ್ಧ ದಿನದಾಗೆ ಮಾಡಿಕೊಡ್ತಾನೆ."

"ಮನೆ ಡಾಬಿಗೆ ಮತ್ತೆ ಬೆಂಕಿ ತೋರಿಸಬಾರದು. ನಮ್ಮತ್ತೆ ಹಾಕ್ಕೊಂಡ್ರು, ನಾನು ಹಾಕ್ಕೊಂಡೆ, ದೊಡ್ಡ ಸೊಸೆ ಹಾಕ್ಕೊಂಡ್ಳು. ಯಾರೂ ಸತ್ತಿಲ್ಲ."

"ನೀವು ಹಾಕ್ಕೊಂಡಾಗ ಎಷ್ಟು ವರ್ಷರೀ ನಿಮಗೆ?"

"ಹದಿನಾಲ್ಕು."

"ಹದಿನಾಲ್ಕಕ್ಕೆ ಯಾರಿಗಾದ್ರೂ ಕೂರ್ತೈತೆ ಬಿಡ್ರಿ. ಅದು ಸಣ್ಣ ಹುಡುಗಿ ಡಾಬು. ಇವಳು ಬೆಳೆದ ಹೆಣ್ಣು."

ಕಮಲಾಕ್ಷಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊಲಿಯೋರು ಹೊಲಿಗೆ ನೋಡ್ಕೋಬೇಕಮ್ಮ."

ನಾನು ಹೊಲಿಗೆಯನ್ನೇ ನೋಡಿಕೊಂಡೆ. ಅದೇ ನನ್ನ ತಪ್ಪು. ಶಿವಬಸಮ್ಮ ಟೀವಿ ಜಾಹೀರಾತಿನಲ್ಲಿ ಸೊಂಟ ಸಣ್ಣ ಮಾಡುವ ಬೆಲ್ಟು ನೋಡಿದ್ದರು. ಅಂಥದ್ದೇ ಹೊಲಿದುಕೊಡಿ ಎಂದರು. ಮದುವೆಯ ನಲವತ್ತು ರವಿಕೆ ನನ್ನ ಕೈಯಲ್ಲಿದ್ದವು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡು ಪದರ ಕ್ಯಾನ್ವಾಸು, ನಡುನಡುವೆ ಹಳೇ ಕೊಡೆಯ ಕಡ್ಡಿ, ಹಿಂದೆ ದಾರ ಪೋಣಿಸಲು ತೂತುಗಳು. ಚೆನ್ನಾಗಿಯೇ ಹೊಲಿದೆ. ನಾನು ಹೊಲಿದದ್ದು ಬಿಚ್ಚಿಕೊಳ್ಳುವುದಿಲ್ಲವೆಂದು ಊರಲ್ಲಿ ಹೆಸರಿತ್ತು.

ಪ್ರತಿ ಸೋಮವಾರ ಹೋಗಿ ಅಳತೆ ನೋಡುತ್ತಿದ್ದೆ. ಹುಡುಗಿಗೆ ಹೊತ್ತಿಗೆ ಅರ್ಧ ರೊಟ್ಟಿ, ಒಂದು ಲೋಟ ಮಜ್ಜಿಗೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ದೀಪಿಕಾ ಹಾಕುತ್ತಿದ್ದಳು. ಉಂಡದ್ದು ಗಂಟಲಿಗೆ ಬರುತ್ತಿತ್ತು.

ಮೂರನೇ ಸೋಮವಾರ ಟೇಪು ಇಪ್ಪತ್ತೊಂಬತ್ತು ತೋರಿಸಿತು. ಶಿಲ್ಪಾ ನನ್ನ ಕೈ ಹಿಡಿದು ಮೆಲ್ಲಗೆ, "ಅಕ್ಕ, ಕಮ್ಮಿ ಹೇಳು. ಬಿಚ್ಚಿಬಿಡ್ತಾರೆ" ಎಂದಳು. ನನಗೂ ಅದೇ ಸರಿ ಅನ್ನಿಸಿತು.

"ಇಪ್ಪತ್ತೇಳಕ್ಕೆ ಬಂದೈತ್ರಿ. ಇನ್ನು ಬಿಚ್ಚಿಡ್ರಿ, ಉಳಿದದ್ದು ತಾನೇ ಇಳೀತೈತೆ" ಎಂದೆ.

ಶಿವಬಸಮ್ಮ ದೇವರ ಮನೆಯತ್ತ ಕೈ ಮುಗಿದರು. "ಬಿಚ್ಚೋದ್ಯಾಕೆ? ಹಗಲು ಕಟ್ಟಿದ್ದಕ್ಕೇ ಮೂರಿಂಚು ಹೋಗೈತೆ. ಮಲಗೋವಾಗ್ಲೂ ಕಟ್ಟಿದ್ರೆ ಒಂದೇ ವಾರ!"

ಶಿಲ್ಪಾ ನನ್ನ ಮುಖ ನೋಡಿದಳು. ಸುಳ್ಳು ಹೇಳಿದೆ ಎಂದು ಆಗಲೇ ಒಪ್ಪಿಕೊಳ್ಳಬಹುದಿತ್ತು. ಟೇಪು ಸುತ್ತಿಕೊಂಡು ಮನೆಗೆ ಬಂದೆ.

ಆಮೇಲೆ ಕೆಮ್ಮು ಶುರುವಾಯಿತು, ಜೊತೆಗೆ ಸಣ್ಣ ಜ್ವರ. "ಊಟ ಕಮ್ಮಿ ಮಾಡಿದ್ದಕ್ಕೆ ಸುಸ್ತು, ಅಷ್ಟೇ" ಎಂದರು ತಾಯಿ. ತೋಟಪ್ಪನವರು ಮಿಲ್ಲಿನಿಂದ ಬಂದು, "ಡಾಕ್ಟ್ರಿಗೆ ತೋರಿಸೋಣೇನೆ?" ಅಂದರಂತೆ. "ಮದುವೆ ಹುಡುಗಿ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಬೀಗರಿಗೆ ಏನಂತ ಹೇಳ್ತೀರಿ?" ಎಂದು ಹೆಂಡತಿ ಕೇಳಿದ್ದಕ್ಕೆ ಮತ್ತೆ ಮಿಲ್ಲಿಗೆ ಹೊರಟರಂತೆ.

ಚಪ್ಪರ ಹಾಕುವ ದಿನ ಬೆಳಿಗ್ಗೆ ದೀಪಿಕಾ ಬರಿಗಾಲಲ್ಲಿ ನನ್ನ ಅಂಗಡಿಗೆ ಓಡಿಬಂದಳು. "ಅಕ್ಕ ಎದ್ದೇಳ್ತಿಲ್ಲ. ಬೆಲ್ಟು ಬಿಚ್ಚಾಕೆ ಬರ್ತಿಲ್ಲ. ಕತ್ತರಿ ತಗೊಂಡು ಬರ್ರಿ!"

ಬೆವರಿಗೆ ಗಂಟು ಕಲ್ಲಾಗಿತ್ತು. ನನ್ನದೇ ಹೊಲಿಗೆ ನನ್ನದೇ ಕತ್ತರಿಗೆ ಬಗ್ಗಲಿಲ್ಲ. ಕೊನೆಗೂ ಕತ್ತರಿಸಿ ತೆಗೆದಾಗ ಕೊಡೆಯ ಕಡ್ಡಿಗಳ ಗುರುತು ಚರ್ಮದಲ್ಲಿ ನೀಲಿಯಾಗಿ ಕೂತಿತ್ತು. ಹುಡುಗಿಯ ತುಟಿಯೂ ಅದೇ ಬಣ್ಣ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಕಾರಿಡಾರಿನಲ್ಲೇ ನಿಂತು ಕೇಳಿದರು: "ಎಷ್ಟು ದಿನದಿಂದ ಕಟ್ಟಿದ್ದೀರಿ? ಎದೆಯ ತಳದಲ್ಲಿ ಕಫ ಕಟ್ಟಿ ಕೀವಾಗಿದೆ. ಕೆಮ್ಮಿ ಹೊರಗೆ ಹಾಕೋದಕ್ಕಾದರೂ ಪಕ್ಕೆ ಅಗಲ ಆಗಬೇಕಲ್ಲಮ್ಮ." ಮೂರನೇ ದಿನ ಮಧ್ಯಾಹ್ನ ಶಿಲ್ಪಾ ಹೋದಳು.

ಓದುವ ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಡಾಬಿಲ್ಲದಿರಬಹುದು. ಆದರೆ ಹೆಣ್ಣನ್ನು ಅಳೆದು, ಅಳತೆಗೆ ಬಾರದಿದ್ದರೆ ಅವಳನ್ನೇ ಕುಗ್ಗಿಸುವ ಒಂದು ಪದ್ಧತಿ ಇದ್ದೇ ಇರುತ್ತದೆ. ಹುಡುಕಿ ನೋಡಿ.

ತಿಂಗಳು ತುಂಬುವ ಮುಂಚೆ ಕಮಲಾಕ್ಷಮ್ಮ ಮೈದುನ ಓಂಕಾರಮೂರ್ತಿಯ ಜೊತೆ ಕಾರಿನಲ್ಲಿ ಬಂದರು. ನಾನು ಶಿವಬಸಮ್ಮನ ಪಕ್ಕದಲ್ಲಿ ಕೂತಿದ್ದೆ. ನನ್ನ ಸುಳ್ಳು ಅಳತೆಯ ವಿಷಯ ಅವರಿಗೆ ಆ ವೇಳೆಗೆ ಹೇಳಿಬಿಟ್ಟಿದ್ದೆ. ಅವರು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಗಿತ್ತು.

ಓಂಕಾರಮೂರ್ತಿ ಗಂಟಲು ಸರಿಮಾಡಿಕೊಂಡರು. "ಆಗಿದ್ದು ಆಗಿಹೋಯ್ತು ತೋಟಪ್ಪ. ಸಂಬಂಧ ಕಡಿಯೋದು ಬ್ಯಾಡ ಅಂತ ನಮ್ಮ ಅತ್ತಿಗೆ ಅಂತಾರೆ. ದೀಪಿಕಾ ಇದ್ದಾಳಲ್ಲ."

"ಅವಳಿಗೆ ಹದಿನೇಳು" ಎಂದೆ ನಾನು.

"ನಮ್ಮ ದೊಡ್ಡ ಸೊಸೆನೂ ಬಂದಾಗ ಹದಿನೇಳೇ" ಎಂದರು ಕಮಲಾಕ್ಷಮ್ಮ. ದೀಪಿಕಾಳ ಸೊಂಟದ ಮೇಲೆ ಕಣ್ಣು ಹರಿಸಿ, ನಿಜವಾಗಿಯೂ ಸಮಾಧಾನ ಹೇಳುವ ದನಿಯಲ್ಲಿ, "ಇವಳಿಗೆ ಕಟ್ಟೋದೇನೂ ಬ್ಯಾಡ ಶಿವಬಸಮ್ಮ. ಹಂಗೇ ಕೂರ್ತೈತೆ" ಎಂದರು.

ತೋಟಪ್ಪನವರು ನೆಲ ನೋಡುತ್ತ, "ಯೋಚನೆ ಮಾಡಿ ಹೇಳ್ತೀವಿ..." ಎಂದು ಶುರು ಮಾಡಿದರು.

"ಯೋಚನೆ ಏನೈತ್ರಿ?" ಶಿವಬಸಮ್ಮ ಎದ್ದು ನಿಂತರು. "ನನ್ನ ಮಗಳನ್ನ ಕೊಂದೋಳು ನಾನು. ನಿಮ್ಮ ಮ್ಯಾಲೆ ಹಾಕಲ್ಲ ಕಮಲಾಕ್ಷಮ್ಮ. ಆದ್ರೆ ಇನ್ನೊಬ್ಬಳನ್ನ ನಿಮಗೆ ಕೊಡಲ್ಲ. ಇವಳು ಓದ್ತಾಳೆ."

"ಇದ್ದೊಬ್ಬ ಮಗಳಿಗೆ ಬಂದ ಸಂಬಂಧಾನ ಒದ್ದುಬಿಟ್ರು ಅಂತ ಜನ ಆಡ್ಕೊಳ್ಳಲ್ವಾ?" ಎಂದರು ಕಮಲಾಕ್ಷಮ್ಮ.

"ಆಡ್ಕೊಳ್ಳಿ. ಸತ್ತಿದ್ದು ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ. ಜ್ವರ ಬಂದಿತ್ತು ಅಂತ ಇನ್ನು ಅನ್ನಲ್ಲ."

ಬೀಗರು ಚಹಾ ಮುಟ್ಟದೆ ಎದ್ದರು. ಹೊರಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೆರ್ರೆಂದು ಐದಾರು ಸಲ ಕೆಮ್ಮಿ ನಿಂತಿತು. ನೂಕಿಕೊಡಲು ತೋಟಪ್ಪನವರು ಚಪ್ಪಲಿಗೆ ಕಾಲು ಚಾಚಿದವರು ಹೆಂಡತಿಯ ಮುಖ ನೋಡಿ ಮತ್ತೆ ಕುಳಿತರು. ಸ್ವಲ್ಪ ಹೊತ್ತು ಬಾಗಿಲತ್ತ ನೋಡಿದ ಕಮಲಾಕ್ಷಮ್ಮ, ಕೊನೆಗೆ ಕೆಳಗಿಳಿದು, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಕಾರಿನ ಡಿಕ್ಕಿಗೆ ಕೊಟ್ಟು ನೂಕತೊಡಗಿದರು.